ಸ್ಕಿಜೋಫ್ರೀನಿಯಾ: ಕಾಯಿಲೆಯ ಸ್ವರೂಪ, ಶುಶ್ರೂಷೆಯ ದಾರಿ

ಸ್ಕಿಜೋಫ್ರೀನಿಯಾ ಯೋಚನೆ, ಗ್ರಹಿಕೆ, ಭಾವನೆ, ನಡವಳಿಕೆ ಎಲ್ಲವನ್ನೂ ಬಾಧಿಸುವ ಗಂಭೀರ ಮಾನಸಿಕ ಕಾಯಿಲೆ. ಕನ್ನಡದಲ್ಲಿ ಚಿತ್ತವಿಕಲತೆ ಎಂದು ಬರೆಯುವುದೂ ಉಂಟು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 2.4 ಕೋಟಿ ಜನರಿಗೆ, ಅಂದರೆ 300 ಮಂದಿಗೆ ಒಬ್ಬರಂತೆ, ಈ ಕಾಯಿಲೆ ಇದೆ. ಗಂಡಸರಲ್ಲಿ ಹದಿಹರೆಯದ ಕೊನೆಗೆ ಇಲ್ಲವೇ ಇಪ್ಪತ್ತು ದಾಟಿದ ಹೊಸತರಲ್ಲಿ ಶುರುವಾಗುವುದು ಹೆಚ್ಚು. ಹೆಂಗಸರಲ್ಲಿ ಕೆಲವು ವರ್ಷ ತಡ. ಓದು ಮುಗಿದು ಕೆಲಸ ಸಿಗುವ, ಮದುವೆಯ ಮಾತು ನಡೆಯುವ ವಯಸ್ಸಿನಲ್ಲೇ ಬರುವುದರಿಂದ ಪೆಟ್ಟು ಇಡೀ ಮನೆಗೆ ಬೀಳುತ್ತದೆ.

ಇದು ಚಿಕಿತ್ಸೆಗೆ ಬಗ್ಗುವ ಕಾಯಿಲೆ. ಮೂವರಲ್ಲಿ ಒಬ್ಬರಾದರೂ ಪೂರ್ಣ ಚೇತರಿಸಿಕೊಳ್ಳುತ್ತಾರೆ ಎಂದು ಅದೇ ಸಂಸ್ಥೆ ಹೇಳುತ್ತದೆ. ಔಷಧಿ ಬರೆಯುವವರು ವೈದ್ಯರು. ಆದರೆ ಆ ಔಷಧಿ ವರ್ಷಗಟ್ಟಲೆ ತಪ್ಪದೆ ಹೊಟ್ಟೆ ಸೇರಬೇಕಾದರೆ ರೋಗಿಗೆ ಯಾರ ಮೇಲಾದರೂ ನಂಬಿಕೆ ಹುಟ್ಟಿರಬೇಕು. ಆ ನಂಬಿಕೆಯನ್ನು ದಿನವೂ ಕಟ್ಟುವವರು ಶುಶ್ರೂಷಕರು. ಈ ಕಾಯಿಲೆಯ ಬಗ್ಗೆ ಬರೆಯುವಾಗ ಅವರ ಕೆಲಸವನ್ನು ಕೊನೆಯ ಪುಟದ ಅನುಬಂಧದಂತೆ ಸೇರಿಸುವುದು ಸರಿಯಲ್ಲ.

ಎದ್ದು ಕಾಣುವ ಲಕ್ಷಣಗಳು

ಸೈಕೋಸಿಸ್ ಅಂದರೆ ವಾಸ್ತವದ ಮೇಲಿನ ಹಿಡಿತ ತಪ್ಪಿದ ಸ್ಥಿತಿ. ಜ್ವರ ಹೇಗೆ ಹಲವು ಕಾಯಿಲೆಗಳಲ್ಲಿ ಬರುತ್ತದೋ ಹಾಗೆ ಸೈಕೋಸಿಸ್ ಕೂಡ ಹಲವು ಕಾಯಿಲೆಗಳಲ್ಲಿ ಕಾಣಿಸಿಕೊಳ್ಳುತ್ತದೆ. ಸ್ಕಿಜೋಫ್ರೀನಿಯಾ ಅವುಗಳಲ್ಲಿ ಮುಖ್ಯವಾದದ್ದು.

ಯಾರೂ ಮಾತಾಡದಿದ್ದರೂ ಮಾತು ಕೇಳಿಸುವುದು ಇದರ ಅತಿ ಪರಿಚಿತ ಲಕ್ಷಣ. ಇಬ್ಬರು ಮೂವರು ಸೇರಿ ತನ್ನ ಬಗ್ಗೆ ಆಡಿಕೊಳ್ಳುವಂತೆ, ಬೈಯುವಂತೆ, ಅಪ್ಪಣೆ ಕೊಡುವಂತೆ ಕೇಳಿಸಬಹುದು. ‘ಈಗ ಎದ್ದ, ಈಗ ನೀರು ಕುಡಿದ’ ಎಂದು ಮಾಡುವ ಕೆಲಸವನ್ನೆಲ್ಲ ಒಂದು ದನಿ ಬಿಡದೆ ವರದಿ ಮಾಡುತ್ತಿರಬಹುದು. ಕೇಳುವವರಿಗೆ ಅದು ಊಹೆ ಅನ್ನಿಸುವುದೇ ಇಲ್ಲ. ಎದುರಿಗೆ ಕೂತವರ ಮಾತಿನಷ್ಟೇ ಸ್ಪಷ್ಟವಾಗಿ ಕೇಳಿಸುತ್ತದೆ. ಹೀಗೆ ದನಿ ಕೇಳಿಸುವ ಹೊತ್ತಿನಲ್ಲಿ ಮಿದುಳಿನ ಮಾತು ಮತ್ತು ಶ್ರವಣದ ಭಾಗಗಳು ಚುರುಕಾಗಿರುವುದನ್ನು ಸ್ಕ್ಯಾನಿಂಗ್‌ಗಳೂ ತೋರಿಸಿವೆ.

ಎರಡನೆಯದು ಎಷ್ಟು ಸಾಕ್ಷಿ ಕೊಟ್ಟರೂ ಅಲುಗದ ಸುಳ್ಳು ನಂಬಿಕೆ. ‘ಊಟದಲ್ಲಿ ವಿಷ ಹಾಕಿದಾರೆ’, ‘ಟಿವಿಯಲ್ಲಿ ನನ್ನ ವಿಷಯವೇ ಬರ್ತಿದೆ’, ‘ನಾನು ಯೋಚಿಸೋದು ಎಲ್ಲರಿಗೂ ಗೊತ್ತಾಗ್ತಿದೆ’ ಎಂಬ ಮಾತುಗಳನ್ನು ಮನೋರೋಗ ವಿಭಾಗದಲ್ಲಿ ಕೆಲಸ ಮಾಡುವವರು ಮತ್ತೆ ಮತ್ತೆ ಕೇಳುತ್ತಾರೆ. ಇಲ್ಲೊಂದು ಎಚ್ಚರ ಬೇಕು. ಮಾಟ, ದೃಷ್ಟಿ, ಮೈಮೇಲೆ ದೇವರು ಬರುವುದು ಇವನ್ನೆಲ್ಲ ಊರಿಗೆ ಊರೇ ನಂಬಬಹುದು; ಅಷ್ಟಕ್ಕೇ ಅದು ಕಾಯಿಲೆಯಲ್ಲ. ‘ಮಾಟ ಮಾಡಿಸಿದಾರೆ’ ಎಂದು ರೋಗಿ ಹೇಳಿದರೆ ಮನೆಯವರೂ ಹಾಗೆ ಅಂದುಕೊಂಡಿದ್ದಾರೆಯೇ, ಆ ನಂಬಿಕೆಯ ಜೊತೆ ನಿದ್ದೆ, ಊಟ, ಕೆಲಸ ಕೆಟ್ಟಿವೆಯೇ ಎಂದು ಕೇಳಿ ಬರೆದುಕೊಳ್ಳುವ ಶುಶ್ರೂಷಕಿ ವೈದ್ಯರ ರೋಗನಿರ್ಣಯಕ್ಕೆ ಅರ್ಧ ದಾರಿ ಮಾಡಿಕೊಟ್ಟಂತೆ.

ಮಾತು ಒಂದಕ್ಕೊಂದು ಸಂಬಂಧವಿಲ್ಲದೆ ಚದುರುವುದು, ವಿಚಿತ್ರವಾಗಿ ವರ್ತಿಸುವುದು ಇನ್ನೆರಡು ಲಕ್ಷಣ. ಕೆಲವರು ಕೆಟಟೋನಿಯಾ ಸ್ಥಿತಿಗೆ ಹೋಗಿ ಮಾತು, ಚಲನೆ ಎರಡನ್ನೂ ನಿಲ್ಲಿಸಿಬಿಡುತ್ತಾರೆ. ಕೈ ಎತ್ತಿ ಬಿಟ್ಟರೆ ಎತ್ತಿದ ಹಾಗೇ ನಿಲ್ಲುತ್ತದೆ.

ಸಿನಿಮಾ ನೋಡಿ ಇದನ್ನು ‘ಒಬ್ಬರಲ್ಲೇ ಇಬ್ಬರಿರುವ’ ಕಾಯಿಲೆ ಎಂದುಕೊಂಡವರು ಬಹಳ. 2004ರ ‘ಆಪ್ತಮಿತ್ರ’ದಲ್ಲಿ ತೋರಿಸಿದ್ದು ವ್ಯಕ್ತಿತ್ವವೇ ಒಡೆಯುವ ಬೇರೊಂದು ತೊಂದರೆ. ಸ್ಕಿಜೋಫ್ರೀನಿಯಾಕ್ಕೂ ಅದಕ್ಕೂ ಸಂಬಂಧವಿಲ್ಲ.

ಸದ್ದಿಲ್ಲದ ಲಕ್ಷಣಗಳು

ಕೂಗಾಟ, ಸಂಶಯ, ಓಡಿಹೋಗುವುದು ಇವೆಲ್ಲ ಯಾರ ಕಣ್ಣಿಗೂ ಬೀಳುತ್ತವೆ. ಬದುಕನ್ನು ಹೆಚ್ಚು ಹಾಳು ಮಾಡುವುದು ಮಾತ್ರ ಸದ್ದಿಲ್ಲದ ಲಕ್ಷಣಗಳು: ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಮುಖದಲ್ಲಿ ಭಾವ ಕಾಣದಿರುವುದು, ಒಂದೆರಡು ಪದದಲ್ಲಿ ಮಾತು ಮುಗಿಸುವುದು, ಸ್ನಾನ ಬಿಡುವುದು, ಜನರಿಂದ ದೂರ ಸರಿಯುವುದು. ಇವುಗಳ ಜೊತೆಗೆ ನೆನಪು, ಗಮನ, ಯೋಜನೆ ಹಾಕುವ ಶಕ್ತಿಯೂ ಕುಗ್ಗುತ್ತದೆ. ಎಷ್ಟೋ ಸಲ ಮೊದಲು ಬರುವುದೂ ಇವೇ. ಚೆನ್ನಾಗಿ ಓದುತ್ತಿದ್ದ ಹುಡುಗ ಕೋಣೆ ಬಿಟ್ಟು ಹೊರಗೆ ಬರದಿದ್ದರೆ, ಮನೆಯವರು ‘ಸೋಮಾರಿ ಆಗಿದಾನೆ’ ಎಂದು ಬೈಯುವುದರಲ್ಲೇ ತಿಂಗಳುಗಳು ಕಳೆಯುತ್ತವೆ.

ಈಗಿರುವ ಔಷಧಿಗಳು ದನಿ ಮತ್ತು ಸಂಶಯಗಳ ಮೇಲೆ ಚೆನ್ನಾಗಿ ಕೆಲಸ ಮಾಡುತ್ತವೆ. ಸದ್ದಿಲ್ಲದ ಲಕ್ಷಣಗಳ ಮೇಲೆ ಅವುಗಳ ಪರಿಣಾಮ ತೀರಾ ಕಡಿಮೆ. ಇಲ್ಲಿ ನೆರವಾಗುವುದು ನಿಯಮಿತ ದಿನಚರಿ, ಸಣ್ಣ ಜವಾಬ್ದಾರಿ, ಜೊತೆಗಾರಿಕೆ, ಕೆಲಸದ ತರಬೇತಿ. ಹಲ್ಲುಜ್ಜುವುದರಿಂದ ಹಿಡಿದು ಬಸ್ಸು ಹತ್ತಿ ಪೇಟೆಗೆ ಹೋಗಿ ಬರುವವರೆಗೆ ಒಂದೊಂದನ್ನೂ ಬಿಡಿಸಿ ಕಲಿಸಬೇಕು, ಮಾಡಿದ್ದಕ್ಕೆ ಮೆಚ್ಚುಗೆ ಹೇಳಬೇಕು. ‘ಈ ರೋಗಿಯಿಂದ ಯಾರಿಗೂ ತೊಂದರೆಯಿಲ್ಲ’ ಎಂದು ಮೂಲೆಯಲ್ಲಿ ಸುಮ್ಮನೆ ಕೂತವರನ್ನು ಬಿಟ್ಟುಬಿಡುವುದು ಮನೋರೋಗ ಶುಶ್ರೂಷೆಯಲ್ಲಿ ನಡೆಯುವ ದೊಡ್ಡ ತಪ್ಪು.

ಇದೇ ಗುಂಪಿನ ಬೇರೆ ಕಾಯಿಲೆಗಳು

ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದಂತೆ ಸ್ಕಿಜೋಫ್ರೀನಿಯಾ ಎನ್ನಬೇಕಾದರೆ ಲಕ್ಷಣಗಳು ಕನಿಷ್ಠ 1 ತಿಂಗಳು ಇರಬೇಕು. ಅಮೆರಿಕದ ಮಾನದಂಡದಲ್ಲಿ ಒಟ್ಟು ಅವಧಿ 6 ತಿಂಗಳು. ಇದ್ದಕ್ಕಿದ್ದಂತೆ ಬಂದು 3 ತಿಂಗಳೊಳಗೆ ಪೂರ್ತಿ ಇಳಿಯುವ ಸೈಕೋಸಿಸ್ ಕೂಡ ಇದೆ. ನಮ್ಮಂಥ ದೇಶಗಳಲ್ಲಿ ಅದು ಅಪರೂಪವಲ್ಲ, ಅದರ ಫಲಿತಾಂಶವೂ ಒಳ್ಳೆಯದು. ಸೈಕೋಸಿಸ್ ಜೊತೆ ಖಿನ್ನತೆ ಅಥವಾ ಉನ್ಮಾದವೂ ಸಮನಾಗಿ ಬೆರೆತಿದ್ದರೆ ಸ್ಕಿಜೋಅಫೆಕ್ಟಿವ್ ಎನ್ನುತ್ತಾರೆ. ‘ಹೆಂಡತಿ ನಡತೆ ಸರಿಯಿಲ್ಲ’, ‘ನನ್ನ ಮೈಯಲ್ಲಿ ಹುಳ ಹರೀತಿವೆ’ ಎಂಬಂಥ ಒಂದೇ ನಂಬಿಕೆ ಬಲವಾಗಿ ಬೇರೂರಿ, ಉಳಿದ ವ್ಯವಹಾರವೆಲ್ಲ ಸರಿಯಿದ್ದರೆ ಅದು ಡೆಲ್ಯೂಷನಲ್ ಡಿಸಾರ್ಡರ್. ಗಾಂಜಾ, ಮದ್ಯ ಮುಂತಾದವುಗಳಿಂದ ಬರುವ ಸೈಕೋಸಿಸ್ ಬೇರೆ.

ಬಾಣಂತಿ ಸನ್ನಿಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಹೆರಿಗೆಯಾದ ಸಾವಿರ ಹೆಂಗಸರಲ್ಲಿ ಒಬ್ಬಿಬ್ಬರಿಗೆ, ಹೆಚ್ಚಾಗಿ ಮೊದಲ ಎರಡು ವಾರದಲ್ಲಿ ಇದು ಬರುತ್ತದೆ. ನಿದ್ದೆಯಿಲ್ಲದೆ, ಗೊಂದಲದಲ್ಲಿ, ಮಗುವಿನ ಬಗ್ಗೆ ವಿಚಿತ್ರ ಮಾತಾಡುವ ಬಾಣಂತಿಯನ್ನು ‘ಶೀತ ತಲೆಗೇರಿದೆ’ ಎಂದು ಕೋಣೆಯೊಳಗೆ ಮುಚ್ಚಿಡುವುದು ತಾಯಿ ಮಗು ಇಬ್ಬರಿಗೂ ಅಪಾಯ. ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕಾದ ತುರ್ತು ಇದು. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ನಲ್ಲಿ ತಾಯಿ ಮಗು ಒಟ್ಟಿಗೆ ದಾಖಲಾಗುವ ಪ್ರತ್ಯೇಕ ಘಟಕವಿದೆ.

ವಯಸ್ಸಾದವರಲ್ಲಿ ಜ್ವರದ ಜೊತೆ ಏಕಾಏಕಿ ಗೊಂದಲ, ಕುಡಿತ ಬಿಟ್ಟ ಎರಡು ಮೂರು ದಿನಕ್ಕೆ ನಡುಕದ ಜೊತೆ ಇಲ್ಲದ್ದು ಕಣ್ಣಿಗೆ ಕಾಣುವುದು, ಇವೆರಡೂ ಬಹುತೇಕ ಸ್ಕಿಜೋಫ್ರೀನಿಯಾ ಅಲ್ಲ. ದೇಹದ ತೊಂದರೆ ಮಿದುಳನ್ನು ಮುಟ್ಟಿದೆ ಎಂಬುದರ ಸೂಚನೆ. ನಾಡಿ, ಜ್ವರ, ಬಿಪಿ, ಶುಗರ್ ನೋಡದೆ ‘ಮಾನಸಿಕ’ ಎಂಬ ಹಣೆಪಟ್ಟಿ ಅಂಟಿಸಬಾರದು.

ಏಕೆ ಬರುತ್ತದೆ?

ಒಂದೇ ಕಾರಣ ಇಲ್ಲ. ವಂಶವಾಹಿಯ ಪಾಲು ದೊಡ್ಡದು: ತಂದೆ ತಾಯಿಯಲ್ಲಿ ಒಬ್ಬರಿಗಿದ್ದರೆ ಮಗುವಿಗೆ ಬರುವ ಸಂಭವ ನೂರಕ್ಕೆ ಸುಮಾರು ಹತ್ತು. ಅಂದರೆ ಹತ್ತರಲ್ಲಿ ಒಂಬತ್ತು ಮಕ್ಕಳಿಗೆ ಬರುವುದಿಲ್ಲ. ಸಂಬಂಧ ಕುದುರಿಸುವಾಗ ಜನ ಮರೆಯುವುದು ಇದನ್ನೇ. ಒಂದೇ ತತ್ತಿಯಿಂದ ಹುಟ್ಟಿದ ಅವಳಿಗಳಲ್ಲಿ ಒಬ್ಬರಿಗೆ ಬಂದರೂ ಇನ್ನೊಬ್ಬರಿಗೆ ಬರುವುದು ಸುಮಾರು ಅರ್ಧದಷ್ಟು ಸಲ ಮಾತ್ರ. ಗರ್ಭದಲ್ಲಿದ್ದಾಗ ಅಥವಾ ಹೆರಿಗೆಯ ಹೊತ್ತಿನಲ್ಲಿ ಆದ ತೊಂದರೆ, ಹರೆಯದಲ್ಲಿ ಗಾಂಜಾ ಸೇವನೆ, ಬಾಲ್ಯದ ಆಘಾತ ಅಪಾಯವನ್ನು ಹೆಚ್ಚಿಸುತ್ತವೆ. ಮಿದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕದ ಏರುಪೇರು ದನಿ, ಸಂಶಯಗಳ ಹಿಂದಿದೆ.

ತಾಯಿ ಸರಿಯಾಗಿ ಸಾಕಲಿಲ್ಲ ಎಂದು ಈ ಕಾಯಿಲೆ ಬರುವುದಿಲ್ಲ. ಒಂದು ಕಾಲಕ್ಕೆ ಪಶ್ಚಿಮದ ಮನೋವೈದ್ಯರಲ್ಲೂ ಆ ವಾದವಿತ್ತು, ಆಮೇಲೆ ಅದು ಬಿದ್ದುಹೋಯಿತು. ಮದುವೆ ಮಾಡಿದರೆ ವಾಸಿಯಾಗುತ್ತದೆ ಎಂಬುದೂ ಸುಳ್ಳು. ವಿಷಯ ಮುಚ್ಚಿಟ್ಟು ಮಾಡಿದ ಮದುವೆಯಲ್ಲಿ ಮಾತ್ರೆಯನ್ನೂ ಮುಚ್ಚಿಡಬೇಕಾಗುತ್ತದೆ. ಮಾತ್ರೆ ನಿಲ್ಲುತ್ತದೆ, ಕಾಯಿಲೆ ಮರಳುತ್ತದೆ, ಬಲಿಯಾಗುವವರು ಇಬ್ಬರು.

1952ರ ಎರಡು ಬೆಳವಣಿಗೆಗಳು

ಈ ಕಾಯಿಲೆಯ ಚಿಕಿತ್ಸೆಯ ಚರಿತ್ರೆಯಲ್ಲಿ 1952 ದೊಡ್ಡ ವರ್ಷ. ಪ್ಯಾರಿಸ್ಸಿನ ಸೇಂಟ್ ಆ್ಯನ್ ಆಸ್ಪತ್ರೆಯಲ್ಲಿ ಜೀನ್ ಡಿಲೇ ಮತ್ತು ಪಿಯರ್ ಡೆನಿಕರ್ ಕ್ಲೋರ್‌ಪ್ರೊಮಜಿನ್ ಎಂಬ ಔಷಧಿಯಿಂದ ಸೈಕೋಸಿಸ್ ಹತೋಟಿಗೆ ಬರುತ್ತದೆಂದು ತೋರಿಸಿದರು. ಅದೇ ವರ್ಷ ಅಮೆರಿಕದಲ್ಲಿ ಹಿಲ್ಡೆಗಾರ್ಡ್ ಪೆಪ್ಲಾವ್ ಎಂಬ ಶುಶ್ರೂಷಕಿ, ರೋಗಿ ಮತ್ತು ಶುಶ್ರೂಷಕಿಯ ಸಂಬಂಧವೇ ಒಂದು ಚಿಕಿತ್ಸೆ ಎಂದು ವಾದಿಸುವ ಪುಸ್ತಕ ಪ್ರಕಟಿಸಿದರು. ಕಾಯುವುದು, ಕಟ್ಟಿಹಾಕುವುದು, ಊಟ ಕೊಡುವುದು ಇಷ್ಟೇ ಆಗಿದ್ದ ಮನೋರೋಗ ಶುಶ್ರೂಷೆಗೆ ಅಲ್ಲಿಂದ ಬೇರೆಯೇ ನೆಲೆ ಸಿಕ್ಕಿತು. ಔಷಧಿ ರೋಗಿಯನ್ನು ಮಾತಿಗೆ ಸಿಗುವಂತೆ ಮಾಡಿತು; ಸಿಕ್ಕ ರೋಗಿಯೊಂದಿಗೆ ಏನು ಮಾತಾಡಬೇಕು, ಹೇಗೆ ಜೊತೆಗಿರಬೇಕು ಎಂಬುದಕ್ಕೆ ಪೆಪ್ಲಾವ್ ಶಾಸ್ತ್ರ ಒದಗಿಸಿದರು. ಈಗಿನ ನಿಮ್ಹಾನ್ಸ್‌ನ ಪೂರ್ವರೂಪವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ 1954ರಲ್ಲಿ ಬೆಂಗಳೂರಿನಲ್ಲಿ ಶುರುವಾಯಿತು. ಮನೋರೋಗ ಶುಶ್ರೂಷೆಯ ಡಿಪ್ಲೊಮಾ ಶಿಕ್ಷಣ ಅಲ್ಲಿ ಅದೇ ದಶಕದಲ್ಲಿ ಆರಂಭವಾಯಿತು.

ಇಂದು ರಿಸ್ಪೆರಿಡೋನ್, ಒಲಾಂಜಪಿನ್, ಅರಿಪಿಪ್ರಜೋಲ್, ಹ್ಯಾಲೊಪೆರಿಡಾಲ್ ಸಾಮಾನ್ಯವಾಗಿ ಬಳಕೆಯಲ್ಲಿವೆ. ಎರಡು ಔಷಧಿಗಳನ್ನು ಸರಿಯಾದ ಪ್ರಮಾಣದಲ್ಲಿ, ಸಾಕಷ್ಟು ಕಾಲ ಕೊಟ್ಟರೂ ಗುಣ ಕಾಣದವರಿಗೆ ಕ್ಲೋಜಪಿನ್ ಇದೆ. ಮೊದಲ ಸಲ ಕಾಯಿಲೆ ಬಂದು ಗುಣವಾದ ಮೇಲೂ ಕನಿಷ್ಠ ಒಂದೆರಡು ವರ್ಷ ಔಷಧಿ ಮುಂದುವರಿಸಬೇಕು. ಮತ್ತೆ ಮತ್ತೆ ಮರುಕಳಿಸಿದವರಿಗೆ ಅದಕ್ಕಿಂತ ಬಹಳ ಹೆಚ್ಚು ಕಾಲ.

ವಾರ್ಡಿನಲ್ಲಿ

ಊಟದ ಹೊತ್ತು. ಪಲ್ಯ, ಸಾರು, ಅನ್ನದ ತಟ್ಟೆಯನ್ನು ನಡುವಯಸ್ಸಿನ ರೋಗಿಯೊಬ್ಬರು ದೂರ ತಳ್ಳುತ್ತಾರೆ. “ಸಿಸ್ಟರ್, ಇದರಲ್ಲಿ ಏನೋ ಬೆರೆಸಿದಾರೆ.” ಇಲ್ಲಿ ಎರಡು ತಪ್ಪು ದಾರಿಗಳಿವೆ. “ಏನೂ ಇಲ್ಲ, ಸುಮ್ನೆ ತಿನ್ನಿ” ಎಂದು ಗದರಿಸಿದರೆ ಸಿಸ್ಟರೂ ಶತ್ರುಗಳ ಪಟ್ಟಿಗೆ ಸೇರುತ್ತಾರೆ. “ಹೌದಾ, ಹಾಗಾದ್ರೆ ಬೇಡ ಬಿಡಿ” ಎಂದರೆ ಸುಳ್ಳು ನಂಬಿಕೆಗೆ ಮುದ್ರೆ ಒತ್ತಿದಂತೆ. ಕಲಿತ ಶುಶ್ರೂಷಕಿ ತಟ್ಟೆಯ ವಿಷಯ ಬಿಟ್ಟು ಹೆದರಿಕೆಯ ಕಡೆ ತಿರುಗುತ್ತಾರೆ: “ಅಣ್ಣಾ, ನಿಮಗೆ ತುಂಬಾ ಭಯ ಆಗ್ತಿದೆ ಅನ್ನೋದು ನನಗೆ ಕಾಣ್ತಿದೆ. ನನಗೆ ಮಾತ್ರ ಊಟದಲ್ಲಿ ಏನೂ ಬೆರೆಸಿದ ಹಾಗೆ ಕಾಣ್ತಿಲ್ಲ. ಬನ್ನಿ, ಎಲ್ಲರಿಗೂ ಬಡಿಸೋ ಪಾತ್ರೆಯಿಂದ ನೀವೇ ಬಡಿಸಿಕೊಳ್ಳಿ.” ಆಗಲೂ ಒಪ್ಪದಿದ್ದರೆ ಸಿಪ್ಪೆ ಸುಲಿಯದ ಬಾಳೆಹಣ್ಣು, ಒಡೆಯದ ಬಿಸ್ಕತ್ತಿನ ಪೊಟ್ಟಣ ಕೊಡಬಹುದು. ವಾದಿಸಬಾರದು, ಒಪ್ಪಲೂಬಾರದು. ಹೇಳಿದ್ದನ್ನು ಮಾಡಬೇಕು, ‘ಹತ್ತು ನಿಮಿಷದಲ್ಲಿ ಬರ್ತೀನಿ’ ಎಂದರೆ ಹತ್ತು ನಿಮಿಷಕ್ಕೆ ಬರಬೇಕು. ಸಂಶಯದಲ್ಲಿ ಬೇಯುತ್ತಿರುವವರಿಗೆ ಮಾತು ಉಳಿಸಿಕೊಳ್ಳುವ ಒಬ್ಬರು ಸಿಕ್ಕರೆ ಅದೇ ದೊಡ್ಡ ಆಸರೆ.

ದನಿ ಕೇಳಿಸುವವರನ್ನು ‘ಏನಾದರೂ ಕೇಳಿಸ್ತಿದೆಯಾ?’ ಎಂದು ನೇರವಾಗಿಯೇ ಕೇಳಬೇಕು. ಕೇಳಿದರೆ ಕಾಯಿಲೆ ಹೆಚ್ಚುತ್ತದೆ ಎಂಬ ಭಯ ಬೇಡ. ಮುಂದಿನ ಪ್ರಶ್ನೆ ಇನ್ನೂ ಮುಖ್ಯ: ‘ಆ ದನಿ ನಿಮಗೆ ಏನು ಮಾಡು ಅಂತ ಹೇಳುತ್ತೆ?’ ಸಾಯಲು ಅಥವಾ ಇನ್ನೊಬ್ಬರನ್ನು ಹೊಡೆಯಲು ಹೇಳುವ ದನಿಯಾದರೆ ಕೂಡಲೇ ವೈದ್ಯರಿಗೆ ತಿಳಿಸಬೇಕು, ಒಬ್ಬರು ಸದಾ ಜೊತೆಗಿರಬೇಕು. ಈ ಕಾಯಿಲೆಯವರಲ್ಲಿ ನೂರಕ್ಕೆ ಸುಮಾರು ಐವರು ಆತ್ಮಹತ್ಯೆಯಿಂದ ಸಾಯುತ್ತಾರೆ. ಕಾಯಿಲೆ ಇಳಿದು ‘ನನಗೆ ಏನಾಗಿತ್ತು’ ಎಂಬ ಅರಿವು ಮೂಡುವ ದಿನಗಳು, ಆಸ್ಪತ್ರೆಯಿಂದ ಮನೆಗೆ ಹೋದ ಮೊದಲ ವಾರಗಳು ಹೆಚ್ಚು ಅಪಾಯದವು. ‘ಈಗ ಶಾಂತವಾಗಿದ್ದಾರೆ’ ಎಂದು ಕಣ್ಣು ತೆಗೆಯಬಾರದು.

ಉದ್ರೇಕಗೊಂಡವರ ಬಳಿ ಗುಂಪಾಗಿ ಹೋಗಬಾರದು. ಒಬ್ಬರೇ ಮಾತಾಡಬೇಕು; ದನಿ ತಗ್ಗಿರಲಿ, ವಾಕ್ಯ ಚಿಕ್ಕದಿರಲಿ. ತೀರಾ ಎದುರಿಗೆ ನಿಲ್ಲದೆ ಒಂದಿಷ್ಟು ಪಕ್ಕಕ್ಕೆ, ಕೈಗೆಟುಕದ ದೂರದಲ್ಲಿ ನಿಲ್ಲಬೇಕು. ಬಾಗಿಲ ದಾರಿ ಇಬ್ಬರಿಗೂ ತೆರೆದಿರಬೇಕು. ಹೇಳದೆ ಕೇಳದೆ ಮೈ ಮುಟ್ಟಬಾರದು. ಕೆಟಟೋನಿಯಾದಲ್ಲಿ ಮಲಗಿದವರಿಗೆ ನೀರು, ಆಹಾರ, ಮಗ್ಗಲು ಬದಲಿಸುವುದು, ಮೂತ್ರದ ಲೆಕ್ಕ ಇವೇ ಜೀವ ಉಳಿಸುತ್ತವೆ. ಅವರು ಮಾತಾಡದಿದ್ದರೂ ನಾವಾಡಿದ್ದು ಕೇಳಿಸುತ್ತಿರುತ್ತದೆ. ಹಾಸಿಗೆಯ ಪಕ್ಕ ನಿಂತು ಅವರ ಬಗ್ಗೆ ಹಗುರವಾಗಿ ಮಾತಾಡುವುದು ಕ್ರೌರ್ಯ.

ಅಡ್ಡಪರಿಣಾಮಗಳ ಮೇಲೆ ಕಣ್ಣು

ಮಾತ್ರೆ ಬಿಡಲು ಅಡ್ಡಪರಿಣಾಮ ಒಂದು ಮುಖ್ಯ ಕಾರಣ. ಅದನ್ನು ಮೊದಲು ಕಾಣುವುದು ಶುಶ್ರೂಷಕರ ಕಣ್ಣು. ಹ್ಯಾಲೊಪೆರಿಡಾಲ್‌ನಂಥ ಔಷಧಿ ಶುರುವಾದ ಕೆಲವೇ ಗಂಟೆ ಅಥವಾ ದಿನಗಳಲ್ಲಿ ಕತ್ತು ಒಂದು ಕಡೆಗೆ ತಿರುಚಿಕೊಂಡು, ಕಣ್ಣುಗುಡ್ಡೆ ಮೇಲೆ ಸಿಕ್ಕಿಕೊಳ್ಳಬಹುದು. ನೋಡಿದವರು ‘ದೆವ್ವ ಮೆಟ್ಟಿತು’ ಎನ್ನುತ್ತಾರೆ. ವೈದ್ಯರ ಸೂಚನೆಯಂತೆ ಪ್ರೊಮೆಥಜಿನ್ ಚುಚ್ಚುಮದ್ದು ಕೊಟ್ಟರೆ ಬಹುಬೇಗ ಸಡಿಲವಾಗುತ್ತದೆ. ಕೂತಲ್ಲಿ ಕೂರಲಾರದೆ ಓಡಾಡುತ್ತಲೇ ಇರುವುದು ಇನ್ನೊಂದು ತೊಂದರೆ. ಇದನ್ನು ಕಾಯಿಲೆ ಹೆಚ್ಚಿತೆಂದು ತಪ್ಪು ತಿಳಿದು ಔಷಧಿ ಏರಿಸಿದರೆ ಸಂಕಟ ಇಮ್ಮಡಿಯಾಗುತ್ತದೆ. ‘ಒಳಗೆ ಚಡಪಡಿಕೆ ಆಗುತ್ತಾ, ಕಾಲು ಸುಮ್ಮನೆ ಇರಲ್ವಾ?’ ಎಂದು ಕೇಳಿದರೆ ವ್ಯತ್ಯಾಸ ತಿಳಿಯುತ್ತದೆ.

ಜೋರು ಜ್ವರ, ಮರದ ಕೊರಡಿನಂತೆ ಬಿಗಿದ ಮೈ, ಬೆವರು, ಗೊಂದಲ ಒಟ್ಟಿಗೆ ಬಂದರೆ ಔಷಧಿ ನಿಲ್ಲಿಸಿ ತುರ್ತು ಚಿಕಿತ್ಸೆ ಕೊಡಬೇಕು. ಅಪರೂಪವಾದರೂ ಪ್ರಾಣ ತೆಗೆಯುವ ಸ್ಥಿತಿಯದು. ಕ್ಲೋಜಪಿನ್ ತೆಗೆದುಕೊಳ್ಳುವವರಿಗೆ ಮೊದಲ 18 ವಾರ ಪ್ರತಿ ವಾರ ರಕ್ತದ ಬಿಳಿಕಣಗಳ ಲೆಕ್ಕ ಆಗಬೇಕು. ಗಂಟಲುನೋವು, ಜ್ವರ ಬಂದರೆ ಕಾಯದೆ ಬರಬೇಕು. ಮಲಬದ್ಧತೆಯನ್ನೂ ಹಗುರವಾಗಿ ಕಾಣಬಾರದು. ಬೀಡಿ ಸಿಗರೇಟಿನ ಹೊಗೆ ರಕ್ತದಲ್ಲಿ ಕ್ಲೋಜಪಿನ್, ಒಲಾಂಜಪಿನ್ ಮಟ್ಟವನ್ನು ಇಳಿಸುತ್ತದೆ. ವಾರ್ಡಿನಲ್ಲಿ ಸೇದುವುದು ನಿಂತಾಗ ಅದೇ ಮಾತ್ರೆ ಹೆಚ್ಚಾಗಿ ಮಂಪರು ಹತ್ತಬಹುದು.

ತೂಕ, ಸೊಂಟದ ಸುತ್ತಳತೆ, ಶುಗರ್, ಕೊಲೆಸ್ಟರಾಲ್ ಅಳೆದು ಬರೆಯುವುದು ಬೇಸರದ ಕೆಲಸ ಅನ್ನಿಸಬಹುದು. ಆದರೆ ಈ ಕಾಯಿಲೆಯವರು ಬೇರೆಯವರಿಗಿಂತ ಬೇಗ ಸಾಯುವ ಸಂಭವ ಎರಡರಿಂದ ಮೂರು ಪಟ್ಟು. ಅದಕ್ಕೆ ಹೃದಯದ ಕಾಯಿಲೆ, ಮಧುಮೇಹ, ಸೋಂಕುಗಳು ದೊಡ್ಡ ಕಾರಣ. ‘ಎದೆನೋವು’ ಎಂದವರನ್ನು ‘ಭ್ರಮೆ’ ಎಂದು ವಾಪಸ್ ಕಳಿಸಿದರೆ ಆಗುವ ಅನ್ಯಾಯ ಅಳತೆಗೆ ಸಿಗುವಂಥದ್ದಲ್ಲ.

ಮನೆ, ತಾಲ್ಲೂಕು, ಜಿಲ್ಲೆ

ಲಂಡನ್ನಿನ ಸಂಶೋಧಕರು 1950ರ ದಶಕದಿಂದ ನಡೆಸಿದ ಅಧ್ಯಯನಗಳಿಂದ ಒಂದು ಸಂಗತಿ ಖಚಿತವಾಯಿತು: ಸದಾ ಟೀಕೆ, ಹಗೆ ಅಥವಾ ಅತಿಯಾದ ಮುಚ್ಚಟೆ ಇರುವ ಮನೆಗೆ ಮರಳಿದವರಿಗೆ ಕಾಯಿಲೆ ಬೇಗ ಮರುಕಳಿಸುತ್ತದೆ. ಇದನ್ನು ಮನೆಯವರ ಮೇಲೆ ತಪ್ಪು ಹೊರಿಸಲು ಬಳಸಬಾರದು. ರಾತ್ರಿಯಿಡೀ ನಿದ್ದೆಗೆಟ್ಟ ತಾಯಿ ಸಿಡುಕುವುದು ಸಹಜ; ಅವರಿಗೆ ಬೇಕಾದದ್ದು ಮಾಹಿತಿ ಮತ್ತು ಬಿಡುವು. ‘ಬೇಕಂತಲೇ ಹೀಗೆ ಮಾಡ್ತಾನೆ’ ಎಂದುಕೊಂಡಿದ್ದವರಿಗೆ ‘ಅಮ್ಮಾ, ಇದು ಕಾಯಿಲೆಯ ಲಕ್ಷಣ’ ಎಂದು ಬಿಡಿಸಿ ಹೇಳಿದಾಗ ಮನೆಯ ಮಾತಿನ ಧಾಟಿಯೇ ಬದಲಾಗುತ್ತದೆ. ನಿದ್ದೆ ಕೆಡುವುದು, ಒಬ್ಬರೇ ನಗುವುದು, ಊಟ ಬಿಡುವುದು ಮುಂತಾದ ಮುನ್ಸೂಚನೆಗಳ ಪಟ್ಟಿಯನ್ನು ಮನೆಯವರ ಜೊತೆ ಕೂತು ಬರೆಯಬೇಕು.

ದಿನವೂ ಮಾತ್ರೆ ನುಂಗುವುದು ಆಗದವರಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಕೊಡುವ ಚುಚ್ಚುಮದ್ದುಗಳಿವೆ. ಫ್ಲುಫೆನಜಿನ್‌ನಂಥ ಎಣ್ಣೆಮಿಶ್ರಿತ ಔಷಧಿಯನ್ನು ಪೃಷ್ಠದ ಸ್ನಾಯುವಿನ ಆಳಕ್ಕೆ, ಚರ್ಮವನ್ನು ಒಂದು ಪಕ್ಕಕ್ಕೆ ಎಳೆದು ಹಿಡಿದು ನಿಧಾನವಾಗಿ ಕೊಡಬೇಕು, ಆಮೇಲೆ ಉಜ್ಜಬಾರದು. ಚುಚ್ಚುಮದ್ದಿನ ದಿನ ರೋಗಿ ಬಾರದಿದ್ದರೆ ಫೋನು ಮಾಡುವ, ಆಶಾ ಕಾರ್ಯಕರ್ತೆಯನ್ನು ಮನೆಗೆ ಕಳಿಸುವ ಶುಶ್ರೂಷಕಿಯಿಂದಲೇ ಎಷ್ಟೋ ಮಂದಿಯ ಕಾಯಿಲೆ ಮರುಕಳಿಸದೆ ಉಳಿಯುತ್ತದೆ.

ಊರಲ್ಲೇ ಚಿಕಿತ್ಸೆ ಒದಗಿಸುವ ದಾರಿಯಲ್ಲಿ ಕರ್ನಾಟಕದ ಕೊಡುಗೆ ಹಿರಿದು. 1980ರ ದಶಕದಲ್ಲಿ ಬಳ್ಳಾರಿಯಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗ, ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಬ್ಬಂದಿಯೇ ಮಾನಸಿಕ ಚಿಕಿತ್ಸೆ ನೀಡಬಲ್ಲರೆಂದು ತೋರಿಸಿತು. 1996ರಲ್ಲಿ ದೇಶದಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ, ತುಮಕೂರು ಜಿಲ್ಲೆಯ ತುರುವೇಕೆರೆ ತಾಲ್ಲೂಕುಗಳಲ್ಲಿ ಸ್ಕಿಜೋಫ್ರೀನಿಯಾ ಇರುವವರನ್ನು ಊರೂರಲ್ಲಿ ಗುರುತಿಸಿ, ಅಲ್ಲೇ ಚಿಕಿತ್ಸೆ ಕೊಟ್ಟು, ವರ್ಷಗಟ್ಟಲೆ ಹಿಂಬಾಲಿಸಿದ ಕೆಲಸವೂ ನಿಮ್ಹಾನ್ಸ್‌ನದೇ. ಚಿಕಿತ್ಸೆ ಸಿಕ್ಕವರಲ್ಲಿ ಅಸಾಮರ್ಥ್ಯ ಕಡಿಮೆ ಎಂಬುದು ಅಲ್ಲಿ ದಾಖಲಾಗಿದೆ. ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ವ್ಯವಸ್ಥೆ, ಜಿಲ್ಲೆಗಳಲ್ಲಿ ಮಾನಸಧಾರಾ ಹಗಲು ಆರೈಕೆ ಕೇಂದ್ರಗಳೂ ರಾಜ್ಯದಲ್ಲಿವೆ. ಇಷ್ಟಾದರೂ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸೈಕೋಸಿಸ್ ಇರುವ ನಾಲ್ವರಲ್ಲಿ ಸುಮಾರು ಮೂವರಿಗೆ ಚಿಕಿತ್ಸೆ ತಲುಪುತ್ತಿರಲಿಲ್ಲ.

ಸಂಕೋಲೆ ಮತ್ತು ಕಾನೂನು

2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಮಾನಸಿಕ ರೋಗಿಗಳನ್ನಿಟ್ಟಿದ್ದ ಗುಡಿಸಲಿಗೆ ಬೆಂಕಿ ಬಿತ್ತು. ಸರಪಳಿಯಲ್ಲಿ ಬಿಗಿದಿದ್ದರಿಂದ ಓಡಲಾಗದೆ 28 ಮಂದಿ ಸತ್ತರು. 2018ರ ಮೇ 29ರಂದು ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017, ರೋಗಿಯನ್ನು ಯಾವುದೇ ರೀತಿಯಲ್ಲಿ ಸರಪಳಿಯಲ್ಲಿ ಬಂಧಿಸುವುದನ್ನು ನಿಷೇಧಿಸಿದೆ. ಅರಿವಳಿಕೆ ಇಲ್ಲದೆ ವಿದ್ಯುತ್ ಕಂಪನ ಚಿಕಿತ್ಸೆ ಕೊಡುವಂತಿಲ್ಲ. ಆಸ್ಪತ್ರೆಯಲ್ಲಿ ಕೈಕಾಲು ಕಟ್ಟುವುದು ತಕ್ಷಣದ ಅಪಾಯ ತಪ್ಪಿಸಲು ಬೇರೆ ದಾರಿಯೇ ಇಲ್ಲದಾಗ, ಮನೋವೈದ್ಯರ ಅನುಮತಿಯಿಂದ, ಅಗತ್ಯವಿರುವಷ್ಟು ಹೊತ್ತು ಮಾತ್ರ. ಸಿಬ್ಬಂದಿ ಕಡಿಮೆ ಎಂಬುದು ಕಟ್ಟಿಹಾಕಲು ಕಾರಣವಾಗಲಾರದು. ಮುಂದೆ ತನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಚೆನ್ನಾಗಿರುವಾಗಲೇ ಬರೆದಿಡುವ, ತನ್ನ ಪರ ಮಾತಾಡುವ ಪ್ರತಿನಿಧಿಯನ್ನು ಹೆಸರಿಸುವ ಹಕ್ಕನ್ನೂ ಈ ಕಾಯ್ದೆ ಕೊಟ್ಟಿದೆ.

ಮನೆಯಲ್ಲಿ ಯಾರಾದರೂ ಒಬ್ಬರೇ ಮಾತಾಡಿಕೊಳ್ಳುತ್ತಿದ್ದರೆ, ಕಾರಣವಿಲ್ಲದೆ ಎಲ್ಲರನ್ನೂ ಸಂಶಯಿಸುತ್ತಿದ್ದರೆ, ತಿಂಗಳುಗಟ್ಟಲೆ ಕೋಣೆ ಬಿಟ್ಟು ಬರದಿದ್ದರೆ, ದೇವಸ್ಥಾನ ದರ್ಗಾಗಳಿಗೆ ಹೋಗಿಬನ್ನಿ, ಅದು ನಿಮ್ಮ ನಂಬಿಕೆ. ಆಸ್ಪತ್ರೆಗೆ ಹೋಗುವುದನ್ನು ಮಾತ್ರ ಮುಂದೂಡಬೇಡಿ. ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕರೆ ಉಚಿತ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.